ಹಿಂಬದಿ ನಿಮ್ಮದು

ಹಲ್, ಸೆಪ್ಟೆಂಬರ್ 9, 1886

ಪ್ರೀತಿಯ ಅಪ್ಪನಿಗೆ,

ಮೊದಲೇ ಹೇಳಿಬಿಡುತ್ತೇನೆ, ಕಾಗದದ ಒಂದೇ ಬದಿಗೆ ಬರೆದಿದ್ದೇನೆ. ಹಿಂಬದಿ ನಿಮ್ಮದು. ಚಿಕ್ಕಂದಿನಲ್ಲಿ ನೀವು ಕಲಿಸಿದ್ದು ಮರೆತಿಲ್ಲ ನೋಡಿ. ಅಮ್ಮ ಸತ್ತಾಗ ಬಂದ ಸಂತಾಪದ ಕಾಗದಗಳನ್ನು ನಾವಿಬ್ಬರೂ ಕೂತು ಆರಾರು ಚೀಟಿ ಮಾಡಿದ್ದು ನೆನಪಿದೆಯಾ? ಕತ್ತರಿ ನನ್ನ ಕೈಯಲ್ಲಿತ್ತು. ಒಂದು ಚೀಟಿಗೆ ಒಂದು ಪದ, ಅದರ ಕೆಳಗೆ ಯಾವುದಾದರೂ ಪುಸ್ತಕದಿಂದ ಆ ಪದ ಇರುವ ಒಂದು ವಾಕ್ಯ. ಹಾಗೆ ಎಷ್ಟು ಸಾವಿರ ಚೀಟಿ ಆ ನಿಘಂಟಿನ ಕಚೇರಿಗೆ ಕಳಿಸಿದ್ದೀರೋ ದೇವರಿಗೇ ಗೊತ್ತು.

ಈಗ ವಿಷಯಕ್ಕೆ ಬರುತ್ತೇನೆ. ಇದನ್ನು ರೂಬೆನ್‌ಗೆ ಗೊತ್ತಿಲ್ಲದ ಹಾಗೆ ಬರೆಯುತ್ತಿದ್ದೇನೆ. ಪಕ್ಕದ ಮಿಸೆಸ್ ಸ್ಕೇಫ್ ಮೀನು ಮಾರುವವಳು. ಅವಳು ನನ್ನ ಕಾಗದವನ್ನು ಮೀನಿನ ಬುಟ್ಟಿಯ ತಳದಲ್ಲಿಟ್ಟು ಅಂಚೆಗೆ ಒಯ್ಯುತ್ತಾಳೆ. ನೀವೂ ಅವಳ ಹೆಸರಿಗೇ ಬರೆಯಿರಿ.

ರೂಬೆನ್‌ರನ್ನು ಮದುವೆಯಾಗಿ ಆರು ವರ್ಷ, ಒಂದು ಮಾತು ದೂರಲಿಲ್ಲ. ಇನ್ನು ಆಗುವುದಿಲ್ಲ ಅಪ್ಪಾ. ನನ್ನ ಬೂಟುಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿಕೊಂಡು ಹಗ್ಗದ ಕಾರ್ಖಾನೆಗೆ ಹೋಗುತ್ತಾರೆ. ಭಾನುವಾರ ಪ್ರಾರ್ಥನೆಗೆ ಹೊರಡುವಾಗ ಮಾತ್ರ ಹೊರಗೆ ತೆಗೆಯುತ್ತಾರೆ. "ಹೆಂಗಸಿನ ಕಾಲು ಒಲೆ ಮುಂದೆ ಇದ್ರೇನೆ ಚಂದ ಕಣೇ" ಅನ್ನುತ್ತಾರೆ, ನಗುನಗುತ್ತಲೇ ಅನ್ನುತ್ತಾರೆ. ಮೊನ್ನೆ ಟ್ಯಾಬಿಯನ್ನು, ಊಟ ಮಾಡುವಾಗ ಮಾತಾಡಿದಳು ಅಂತ, ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ನಾಲ್ಕು ವರ್ಷದ ಮಗು, ದೀಪ ಹಚ್ಚುವವರೆಗೂ ನಿಂತಿತ್ತು. ನಾನು ಅಡ್ಡ ಹೋದೆ. ಬಲಗೈಯ ಎರಡು ಬೆರಳು ಇನ್ನೂ ಮಡಚಲಿಕ್ಕೆ ಬರುವುದಿಲ್ಲ. ಅದಕ್ಕೇ ಅಕ್ಷರ ಹೀಗೆ.

ನಮ್ಮಿಬ್ಬರನ್ನೂ ಮನೆಗೆ ಕರೆದುಕೊಳ್ಳಿ. ನನ್ನ ಹಳೇ ಕೋಣೆ ಸಾಕು. ನಮ್ಮ ಮನೆ ಬಿಟ್ಟರೆ ನನಗೆ ಇನ್ಯಾವ ಮನೆಯೂ ಇಲ್ಲ.

ನಿಮ್ಮ ಮಗಳು,
ಹೆಸ್ಟರ್


ಲೌತ್, ಸೆಪ್ಟೆಂಬರ್ 21, 1886

ಹೆಸ್ಟರ್,

ನಿನ್ನ ಕಾಗದ ತಲುಪಿತು. ಒಳ್ಳೆಯ ದಪ್ಪ ಕಾಗದ. ಮಸಿ ಹಿಂದಕ್ಕೆ ಇಳಿದಿಲ್ಲ. ಇಂಥದ್ದನ್ನೇ ಬಳಸುತ್ತಿರು.

ನೀನು ಬರೆದ ಸಮಯ ನೋಡು, ಎಂಥ ಕಾಕತಾಳೀಯ! 'ಹೋಮ್', ಅಂದರೆ ಮನೆ, ಎಂಬ ಪದಕ್ಕೆ ವಾಕ್ಯ ಆಯ್ದು ಕೊಡುವ ಪೂರ್ತಿ ಹೊಣೆಯನ್ನು ಕಚೇರಿಯವರು ನನಗೆ ವಹಿಸಿದ್ದಾರೆ. ಇಂಗ್ಲೆಂಡಿನಲ್ಲಿ ದಿನ ಬೆಳಗಾದರೆ ಎಲ್ಲರ ಬಾಯಲ್ಲೂ ಬರುವ ಪದ, ಅರ್ಥ ಮಾತ್ರ ಒಬ್ಬರಿಗೂ ತಿಳಿದಿಲ್ಲ. ಈಗಾಗಲೇ ಹತ್ತು ಅರ್ಥ ಬೇರೆ ಮಾಡಿದ್ದೇನೆ. ಹುಟ್ಟಿದ ಊರು, ಸಂಸಾರ ಇರುವ ಜಾಗ, ಸತ್ತಮೇಲೆ ಸೇರುವ ಜಾಗ, ಮಕ್ಕಳ ಆಟದಲ್ಲಿ ಮುಟ್ಟಿದರೆ ಹಿಡಿಯಬಾರದಾದ ಜಾಗ, ಹೀಗೆ. ನೀನು ಆ ಪದವನ್ನು ಕೊನೆಯಲ್ಲಿ ಮೂರು ಸಲ ಬಳಸಿದ್ದೀಯ. ಮೂರೂ ಸಡಿಲ ಬಳಕೆ. ಮದುವೆಯಾದ ಹೆಂಗಸಿಗೆ ಎರಡನೇ ಅರ್ಥದ ಮನೆ ಗಂಡನದು. ನೀನು ಕೇಳುತ್ತಿರುವುದಕ್ಕೆ ಆಶ್ರಯ ಎನ್ನುತ್ತಾರೆ. ಇವೆರಡೂ ಒಂದೇ ಎಂದುಕೊಂಡಿರುವುದು ಅವಸರದವರ ತಪ್ಪು. ಆಶ್ರಯ ಬೇಕಾದವರಿಗೆಂದೇ ಪ್ರತಿ ಊರಿನಲ್ಲೂ ಬಡವರ ದುಡಿಮೆಶಾಲೆ ಇದೆ.

ಬೂಟಿನ ವಿಷಯ. ಬೀಗ ಹಾಕುವವನನ್ನು ಕ್ರೂರಿ ಎನ್ನಲಾಗದು. ನೀನೂ ಹಾಗೆ ಅಂದಿಲ್ಲ, ಅದಕ್ಕೆ ಮೆಚ್ಚಿದೆ. ಹೆಚ್ಚೆಂದರೆ ಕಟ್ಟುನಿಟ್ಟಿನವನು. ಬೆರಳಿಗೆ ಬಿಸಿ ಎಣ್ಣೆ ಹಚ್ಚು.

ಇತಿ,
ಈನಕ್ ಮಾಲ್ಟ್‌ಬಿ


ಹಲ್, ಅಕ್ಟೋಬರ್ 17, 1886

ಅಪ್ಪಾ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಎಲ್ಲಾದರೂ ಒಂದು ಕಡೆ "ಅಯ್ಯೋ ಮಗಳೇ" ಅಂತ ಇದ್ದೀತು ಅಂತ ಹುಡುಕಿದೆ. ಇರಲಿ, ನಿಮ್ಮ ಸ್ವಭಾವ ನನಗೆ ಹೊಸದಲ್ಲ.

ದುಡಿಮೆಶಾಲೆಗೆ ಹೋದರೆ ತಾಯಿ ಒಂದು ಕಡೆ, ಮಗು ಒಂದು ಕಡೆ ಮಾಡುತ್ತಾರೆ. ಅದು ನಿಮಗೂ ಗೊತ್ತು. ಇಲ್ಲೂ ಅದೇ ಆಗುವುದರಲ್ಲಿದೆ. ಈಸ್ಟರ್ ಆದಮೇಲೆ ಟ್ಯಾಬಿಯನ್ನು ರೂಬೆನ್ ಸ್ಕಾಟ್ಲೆಂಡಿನಲ್ಲಿರುವ ತಮ್ಮ ಅಕ್ಕನ ಮನೆಗೆ ಕಳಿಸುತ್ತಾರಂತೆ. "ನಿನ್ನ ಹತ್ರ ಇದ್ರೆ ಅದೂ ನಿನ್ನ ಹಾಗೇ ಆಗತ್ತೆ" ಅಂದರು. ಆ ಅಕ್ಕನನ್ನು ನಾನು ನೋಡಿದ್ದೇನೆ. ಅವಳು ತನ್ನ ನಾಯಿಯನ್ನೂ ಪ್ರೀತಿಯಿಂದ ಕರೆದವಳಲ್ಲ. ಟ್ಯಾಬಿ ಹೋದರೆ ನಾನು ಬದುಕುವುದಿಲ್ಲ ಅಪ್ಪಾ, ಇದನ್ನು ಸಡಿಲ ಬಳಕೆ ಅನ್ನಬೇಡಿ.

ಮಗು ಈಗ ಮಾತೇ ಕಡಿಮೆ ಮಾಡಿದೆ. ತನ್ನಪ್ಪ ಬಾಗಿಲಲ್ಲಿ ಕಂಡರೆ ತಾನೇ ಹೋಗಿ ಗೋಡೆಗೆ ಮುಖ ಮಾಡಿ ನಿಲ್ಲುತ್ತದೆ. ಯಾರೂ ಹೇಳುವುದೇ ಬೇಡ. ಕಪಾಟಿನ ಬಾಗಿಲ ಸಂದಿಗೆ ಬಾಯಿಟ್ಟು ನನ್ನ ಬೂಟುಗಳಿಗೆ ಹಾಡು ಹೇಳುತ್ತದೆ, "ಅವಕ್ಕೆ ಕತ್ತಲೆ ಅಂದ್ರೆ ಭಯ ಅಮ್ಮಾ" ಅನ್ನುತ್ತದೆ. ನಾನು ನಕ್ಕೆ. ಆಮೇಲೆ ಅಡುಗೆಮನೆಗೆ ಹೋಗಿ ಏಪ್ರನ್ ಬಾಯಿಗೆ ತುರುಕಿಕೊಂಡು ಅತ್ತೆ.

ನೀವು ಹತ್ತು ಅರ್ಥ ಮಾಡಿದ್ದೀರಿ, ನನಗೆ ತಿಳಿದದ್ದು ಒಂದೇ. ಒಳಗಿನಿಂದ ಚಿಲಕ ತೆಗೆಯಲು ಆಗುವುದಾದರೆ ಅದು ಮನೆ.

ಹೆಸ್ಟರ್


ಲೌತ್, ನವೆಂಬರ್ 2, 1886

ಹೆಸ್ಟರ್,

ನಿನ್ನ ಚಿಲಕದ ವಾಕ್ಯ ನಿಜಕ್ಕೂ ಚೆನ್ನಾಗಿದೆ. ಎರಡು ದಿನ ಅದನ್ನೇ ಯೋಚಿಸಿದೆ. ಆದರೆ ಅಚ್ಚಾಗದ ವಾಕ್ಯವನ್ನು ಕಚೇರಿಯವರು ತೆಗೆದುಕೊಳ್ಳುವುದಿಲ್ಲ. ಪುಸ್ತಕದ ಹೆಸರು, ಪುಟ, ಇಸವಿ ಮೂರೂ ಬೇಕು. ಏನು ಮಾಡುವುದು, ನೀನು ಪುಸ್ತಕ ಬರೆದವಳಲ್ಲ.

ಹಳೇ ಕೋಣೆ ಸಾಕು ಎಂದು ಬರೆದಿದ್ದೆಯಾದ್ದರಿಂದ ಹೇಳುತ್ತೇನೆ. ಆ ಕೋಣೆಯಲ್ಲಿ ಈಗ 'ಎಚ್' ಅಕ್ಷರ ಇದೆ. ಗೋಡೆಯುದ್ದಕ್ಕೂ ಗೂಡು ಹೊಡೆಸಿದ್ದೇನೆ. ಗೂಡು ಸಾಲದೆ ಬಂದದ್ದನ್ನು ನಿನ್ನ ಮಂಚದ ಮೇಲೆ ಹರಡಿದ್ದೇನೆ. ತಲೆದಿಂಬಿನ ಕಡೆ 'ಮನೆ', ಕಾಲಿನ ಕಡೆ 'ಪ್ರಾಮಾಣಿಕ'. ನಾಲ್ಕು ವರ್ಷದ ಮಗು ಒಮ್ಮೆ ಕೈ ಆಡಿಸಿದರೆ ಮೂರು ವರ್ಷದ ಕೆಲಸ ಮಣ್ಣುಪಾಲು. ಇದನ್ನು ನೀನು ಕಲ್ಲೆದೆ ಎನ್ನಬಹುದು. ಕಲ್ಲೆದೆ ಬೇರೆ, ಜಾಗವಿಲ್ಲದಿರುವುದು ಬೇರೆ.

ಊರಿನವರ ಮಾತೂ ಇದೆ. ಗಂಡ ಬಿಟ್ಟವಳಿಗೂ ಗಂಡನನ್ನು ಬಿಟ್ಟು ಬಂದವಳಿಗೂ ಇರುವ ವ್ಯತ್ಯಾಸವನ್ನು ನಮ್ಮ ಬೀದಿಯವರು ನಿಘಂಟು ನೋಡದೆಯೇ ಬಲ್ಲರು. ಮೂವತ್ತು ವರ್ಷ ಶಾಲೆಯಲ್ಲಿ ಅವರ ಮಕ್ಕಳಿಗೆ ಪಾಠ ಹೇಳಿದವನು ನಾನು.

ಈ ಸಲದ ಕಾಗದ ತೆಳು. ಸ್ಕೇಫಮ್ಮನಿಗೆ ಹೇಳಿ ಮೊದಲಿನಂಥದ್ದು ತರಿಸಿಕೊ.

ಈನಕ್ ಮಾಲ್ಟ್‌ಬಿ


ಹಲ್, ಡಿಸೆಂಬರ್ 5, 1886

ಅಪ್ಪಾ,

ದಪ್ಪ ಕಾಗದವೇ ಸಿಕ್ಕಿದೆ, ಖುಷಿಪಡಿ.

ಇನ್ನು ಬೇಡಿಕೊಳ್ಳುವುದಿಲ್ಲ, ಲೆಕ್ಕಾಚಾರ ಹೇಳುತ್ತೇನೆ. ಜನವರಿ ಇಪ್ಪತ್ತನೇ ತಾರೀಕು ಗುರುವಾರ ರೂಬೆನ್ ಕಾರ್ಖಾನೆಯ ಕೆಲಸದ ಮೇಲೆ ಲೀಡ್ಸ್‌ಗೆ ಹೋಗುತ್ತಾರೆ, ಎರಡು ದಿನ ಬರುವುದಿಲ್ಲ. ಹಿತ್ತಲ ಬಾಗಿಲಿನ ಬೀಗದ ತಿರುಪನ್ನು ಮಿಸೆಸ್ ಸ್ಕೇಫ್‌ನ ಗಂಡ ಹೊರಗಿನಿಂದ ಬಿಚ್ಚುತ್ತಾನೆ. ಅವಳು ತನ್ನ ಬೂಟು ಕೊಡುತ್ತಾಳೆ. ದೊಡ್ಡದಾಗುತ್ತದೆ, ಚಿಂದಿ ತುರುಕಿಕೊಳ್ಳುತ್ತೇನೆ. ಒಂಬತ್ತರ ದೋಣಿಗೆ ಹಂಬರ್ ನದಿ ದಾಟಿದರೆ ನ್ಯೂ ಹಾಲೆಂಡ್ ದಡ, ಅಲ್ಲಿಂದ ರೈಲು. ಮಧ್ಯಾಹ್ನ ನಿಮ್ಮ ಊರಿನಲ್ಲಿರುತ್ತೇವೆ. "ಟ್ಯಾಬಿಯನ್ನು ಬೇಕಾದ್ರೆ ನನ್ನ ಬುಟ್ಟೀಲಿಟ್ಟು ದೋಣಿ ಹತ್ತಿಸ್ತೀನಿ, ಮೇಲೆ ನಾಲ್ಕು ಹೆರಿಂಗ್ ಹಾಕಿದ್ರೆ ಯಾವನೂ ಕೇಳಲ್ಲ" ಅಂತಾಳೆ ಆ ಮಹಾತಾಯಿ. ನಾನು ಅವಳಿಗೆ ಏನಾಗಬೇಕು ಹೇಳಿ? ಒಂದು ಗೋಡೆ ಆಚೆಯವಳು, ಅಷ್ಟೇ.

ನೀವು ಬಾಗಿಲು ತೆಗೆಯದಿದ್ದರೆ ಮಾತ್ರ ನಾನು ಕೆಟ್ಟೆ. ಅವರು ಬಂದು ವಾಪಸ್ಸು ಎಳೆದುಕೊಂಡು ಹೋಗುತ್ತಾರೆ, ಆಮೇಲೆ ಬೂಟಿಗೆ ಹಾಕುವ ಬೀಗ ನನಗೇ ಬೀಳುತ್ತದೆ. ಆದ್ದರಿಂದ "ಬಾ" ಅಂತ ಬರೆಯಿರಿ. ಒಂದೇ ಪದ. ಅದಕ್ಕೆ ಎಷ್ಟು ಅರ್ಥವಾದರೂ ಇರಲಿ. ನೆಲದ ಮೇಲೆ ಮಲಗುತ್ತೇವೆ, ನಿಮ್ಮ ಚೀಟಿ ಮುಟ್ಟುವುದಿಲ್ಲ. ಟ್ಯಾಬಿ ಗೋಡೆಯ ಕಡೆ ತಿರುಗಿ ಎಷ್ಟು ಹೊತ್ತು ಬೇಕಾದರೂ ನಿಲ್ಲುತ್ತಾಳೆ, ಅಭ್ಯಾಸವಾಗಿದೆ.

ಹೆಸ್ಟರ್


ಲೌತ್, ಡಿಸೆಂಬರ್ 19, 1886

ಹೆಸ್ಟರ್,

ನಿನಗೆ ಉತ್ತರ ಬರೆಯಲು ತಡವಾಯಿತು. ಹತ್ತನೇ ತಾರೀಕಿಗೆ 'ಮನೆ' ಮುಗಿಯಿತು! ಒಟ್ಟು ಹನ್ನೊಂದು ಅರ್ಥ. ಕೊನೆಯದು, ದಿಕ್ಕಿಲ್ಲದವರನ್ನೂ ರೋಗಿಗಳನ್ನೂ ಬುದ್ಧಿ ಕೆಟ್ಟವರನ್ನೂ ಇಡುವ ಸಂಸ್ಥೆ ಎಂಬುದು. ಅದಕ್ಕೊಂದು ಒಳ್ಳೆಯ ವಾಕ್ಯ ಮಾತ್ರ ಸಿಗಲಿಲ್ಲ.

ಜನವರಿಯಲ್ಲಿ ಬರುವುದು ಕಷ್ಟ. 'ಎಚ್' ಪೂರ್ತಿ ಮುಗಿಯಲು ವಸಂತವಾಗುತ್ತದೆ. ಆಗ ಮಂಚ ಖಾಲಿಯಾಗಬಹುದು. ಆಮೇಲೆ 'ಐ' ಬರುತ್ತದೆ, ಅದು ಚಿಕ್ಕದು. ನೋಡೋಣ. 'ನೋಡೋಣ' ಎಂದರೆ 'ಇಲ್ಲ' ಅಲ್ಲ ಎಂಬುದನ್ನು ಗಮನಿಸು.

ನಿನಗೆ ಸಂತೋಷವಾಗುವ ಒಂದು ಸಂಗತಿ. ಒಬ್ಬರು ಆಯ್ದ ಚೀಟಿಗಳನ್ನು ಇನ್ನೊಬ್ಬರು ಕ್ರಮಕ್ಕೆ ಹಚ್ಚಬೇಕೆಂಬುದು ನಿಘಂಟಿನ ನಿಯಮ. 'ಮನೆ'ಯನ್ನು ಕ್ರಮಕ್ಕೆ ಹಚ್ಚಲು ಕಚೇರಿಯವರು ಗೊತ್ತುಮಾಡಿರುವ ವಿದ್ವಾಂಸರು ನಿಮ್ಮ ಹಲ್ ಊರಿನವರೇ, ಪಾದ್ರಿ ಥಿಯೊಫಿಲಸ್ ಪಿಂಡರ್. ಅವಸರವಿದ್ದದ್ದರಿಂದ ಇಡೀ ಕಟ್ಟನ್ನು ನೇರವಾಗಿ ಅವರಿಗೇ ಕಳಿಸಿದೆ. ನಿನಗೆ ಪರಿಚಯವೇನಾದರೂ ಇದೆಯೆ? ಅಕ್ಷರ ದುಂಡಗಿದೆ, ಸಭ್ಯರಂತೆ ಕಾಣುತ್ತಾರೆ.

ಈನಕ್ ಮಾಲ್ಟ್‌ಬಿ


ಹಲ್, ಡಿಸೆಂಬರ್ 22, 1886

ಅಪ್ಪಾ, ಪಿಂಡರ್ ನಮ್ಮ ಪ್ರಾರ್ಥನಾ ಮಂದಿರದ ಪಾದ್ರಿ. ಆ ಪಾದ್ರಿಗೆ ರೂಬೆನ್ ಬಲಗೈ ಇದ್ದ ಹಾಗೆ. ಪಾದ್ರಿ ಪ್ರತಿ ಮಂಗಳವಾರ ಇಲ್ಲಿಗೇ ಚಹಾಕ್ಕೆ ಬರುತ್ತಾರೆ, ಟ್ಯಾಬಿಯ ತಲೆ ಸವರುತ್ತಾರೆ.

ಚೀಟಿಗಳನ್ನು ಯಾವ ಕಾಗದದಲ್ಲಿ ಮಾಡಿದಿರಿ? ನನ್ನ ಕಾಗದದಲ್ಲಾ? ಈಚೆಗೆ ಬಂದದ್ದನ್ನೂ ಕತ್ತರಿಸಿದಿರಾ? ನಿಮ್ಮ ದಮ್ಮಯ್ಯ, ಇವತ್ತೇ ಪಾದ್ರಿಗೆ ತಂತಿ ಕಳಿಸಿ. ಕಟ್ಟು ಬಿಚ್ಚದೆ ವಾಪಸ್ಸು ಕಳಿಸಿ ಅನ್ನಿ. ತಪ್ಪಾಗಿದೆ ಅನ್ನಿ, ಏನಾದರೂ ಅನ್ನಿ. ಹಬ್ಬ ಮುಗಿಯುವವರೆಗೆ ಅವರು ಬಿಚ್ಚಲಾರರು.

ಹೆ.


ಲೌತ್, ಡಿಸೆಂಬರ್ 29, 1886

ಹೆಸ್ಟರ್,

ಗಾಬರಿಯಲ್ಲಿ ಬರೆದ ಕಾಗದಕ್ಕೆ ಸಮಾಧಾನವಾಗಿ ಉತ್ತರ ಬರೆಯುತ್ತಿದ್ದೇನೆ.

ಹೌದು, ನಿನ್ನ ಕಾಗದಗಳಲ್ಲೇ. ಇನ್ಯಾವುದರಲ್ಲಿ? ಹಿಂಬದಿ ನಿಮ್ಮದು ಎಂದು ಬರೆದವಳು ನೀನೇ. ನಾನು ನನ್ನ ಬದಿಯನ್ನು ಮಾತ್ರ ಬಳಸಿದ್ದೇನೆ, ನಿನ್ನ ಬದಿಯನ್ನು ಮುಟ್ಟಿಲ್ಲ. ಚೀಟಿಯ ಹಿಂದೇನಿದೆ ಎಂದು ಯಾವ ವಿದ್ವಾಂಸನೂ ತಿರುಗಿಸಿ ನೋಡುವುದಿಲ್ಲ. ಬೇರೆಯವರ ಚೀಟಿಗಳು ನನಗೂ ಬರುತ್ತವೆ. ಅದೆಷ್ಟು ಜನರ ಪ್ರೇಮಪತ್ರ, ಎಷ್ಟು ಅಂಗಡಿಯ ಪಟ್ಟಿ ಅವುಗಳ ಬೆನ್ನಿಗಿತ್ತೋ, ನಾನು ಒಂದನ್ನೂ ಓದಿಲ್ಲ. ಹಿಂಬದಿ ಓದುವುದು ಬಾಗಿಲ ಸಂದಿಯಲ್ಲಿ ಇಣುಕಿದಂತೆ. ಪಾದ್ರಿಗಳು ಹಾಗೆ ಮಾಡಿಯಾರೆ?

ತಂತಿ ಕಳಿಸಿದರೆ ಕಾರಣ ಕೇಳುತ್ತಾರೆ. ನನ್ನ ಕೆಲಸದಲ್ಲಿ ತಪ್ಪಿದೆ ಎಂದು ನಾನೇ ಬರೆದುಕೊಡಲೆ? ಆಗದು. ಹಬ್ಬದ ದಿನಗಳಲ್ಲಿ ನೆಮ್ಮದಿಯಾಗಿರು.

ಈನಕ್ ಮಾಲ್ಟ್‌ಬಿ


ಹಲ್, ಜನವರಿ 24, 1887

ಗೌರವಾನ್ವಿತ ಮಾವನವರಿಗೆ ರೂಬೆನ್ ಗಾಂಟ್ ಮಾಡುವ ವಂದನೆಗಳು.

ನಿಮ್ಮ ಉಪಕಾರವನ್ನು ಹೇಗೆ ತೀರಿಸಲಿ? ನೀವಲ್ಲದಿದ್ದರೆ ನನಗೆ ಏನೂ ತಿಳಿಯುತ್ತಲೇ ಇರಲಿಲ್ಲ. ಪಾದ್ರಿಗಳು ನಿಮ್ಮ ಚೀಟಿಗಳನ್ನು ಕ್ರಮಕ್ಕೆ ಹಚ್ಚುತ್ತಿದ್ದಾಗ ಗಾಳಿಗೆ ಕೆಲವು ಮಗುಚಿ ಬಿದ್ದವಂತೆ. ನನ್ನ ಹೆಸರು ಕಂಡಿತಂತೆ. ಪಾಪ, ಕಣ್ಣೀರು ಹಾಕುತ್ತಾ ತಂದು ನನ್ನ ಮೇಜಿನ ಮೇಲಿಟ್ಟರು.

ನಾನು ಕೋಪಿಸಿಕೊಳ್ಳಲಿಲ್ಲ. ಇಬ್ಬರು ಡಾಕ್ಟರುಗಳನ್ನು ಮನೆಗೆ ಕರೆಸಿದೆ. ನಿಮ್ಮ ಅರ್ಥಗಳ ಕ್ರಮದಲ್ಲೇ ಚೀಟಿಗಳಿದ್ದವು. ಹಾಗೇ ತಿರುಗಿಸಿ ಒಂದಾದ ಮೇಲೊಂದು ಓದಿದರು. "ಅಮ್ಮ ಸತ್ತಾಗ" ಎಂದು ಒಂದು, ಅದರ ಮುಂದಿನದು "ಕತ್ತರಿ ನನ್ನ ಕೈಯಲ್ಲಿತ್ತು". "ನನ್ನ ಬೂಟುಗಳನ್ನು", ಆಮೇಲೆ "ಗೋಡೆಗೆ ಮುಖ ಮಾಡಿ ನಿಲ್ಲಿಸಿದರು". "ಟ್ಯಾಬಿಯನ್ನು", ಆಮೇಲೆ "ಮೀನಿನ ಬುಟ್ಟಿಯ ತಳದಲ್ಲಿಟ್ಟು". ದೊಡ್ಡ ಡಾಕ್ಟರು ಕನ್ನಡಕ ತೆಗೆದು ನನ್ನ ಭುಜದ ಮೇಲೆ ಕೈಯಿಟ್ಟರು. "ಇಷ್ಟು ದಿನ ಹೇಗಪ್ಪಾ ತಡ್ಕೊಂಡೆ?" ಅಂದರು.

ಹೆಸ್ಟರ್ ಕೂಗಾಡಿದಳು. ಇದು ಸರಿಯಾದ ಕ್ರಮ ಅಲ್ಲ, ನಾನು ಜೋಡಿಸಿ ತೋರಿಸುತ್ತೇನೆ ಎಂದು ಚೀಟಿಗಳ ಮೇಲೆ ಬಿದ್ದಳು. ಅದನ್ನೂ ಅವರು ಬರೆದುಕೊಂಡರು. ಬುಧವಾರ ಹುಚ್ಚಾಸ್ಪತ್ರೆಯ ಗಾಡಿ ಬಂತು. ಪ್ರಾರ್ಥನೆಗೆ ಹೋಗುವ ಬೂಟುಗಳನ್ನೇ ಹಾಕಿ ಕಳಿಸಿದೆ, ನಾನು ಹೃದಯವಿಲ್ಲದವನಲ್ಲ. ಟ್ಯಾಬಿಯನ್ನು ನನ್ನ ಅಕ್ಕ ಬಂದು ಕರೆದುಕೊಂಡು ಹೋಗಿದ್ದಾಳೆ. ಸ್ಕೇಫ್ ದಂಪತಿ ಮನೆ ಖಾಲಿ ಮಾಡಿದ್ದಾರೆ. ಆ ಮನೆಯ ಒಡೆಯ ನಮ್ಮ ಪ್ರಾರ್ಥನಾ ಮಂದಿರದವನೇ.

ಚೀಟಿಗಳನ್ನು ಪಾದ್ರಿಗಳಿಗೆ ಜೋಪಾನವಾಗಿ ಹಿಂತಿರುಗಿಸಿದ್ದೇನೆ. ನಿಘಂಟಿಗೆ ಯಾವ ತೊಂದರೆಯೂ ಇಲ್ಲ.

ನಿಮ್ಮ ಅಳಿಯ,
ರೂಬೆನ್ ಗಾಂಟ್


ಫೆಬ್ರುವರಿ 26, 1887

ಮಾನ್ಯ ಮಾಲ್ಟ್‌ಬಿಯವರಿಗೆ,

ನಿಮ್ಮ ಮಗಳಿರುವ ಆಸ್ಪತ್ರೆಯ ವೈದ್ಯ ನಾನು. ಅವರನ್ನು ಐದು ವಾರದಿಂದ ನೋಡುತ್ತಿದ್ದೇನೆ. ಮುಚ್ಚುಮರೆಯಿಲ್ಲದೆ ಹೇಳಬೇಕೆಂದರೆ, ಅವರಲ್ಲಿ ಹುಚ್ಚು ಕಾಣುತ್ತಿಲ್ಲ. ಆ ಚೀಟಿಗಳು ತಾವು ನಿಮಗೆ ಬರೆದ ಮೂರು ಕಾಗದಗಳ ತುಂಡುಗಳೆಂದೂ, ಇಡಿಯಾಗಿ ಓದಿದವರು ನೀವೊಬ್ಬರೇ ಎಂದೂ ಹೇಳುತ್ತಾರೆ. ವಿಚಾರಿಸಿದೆ. ಚೀಟಿಗಳನ್ನು ನಿಘಂಟಿನವರು ಅಚ್ಚಿಗಾಗಿ ಹಾಳೆಗಳ ಮೇಲೆ ಅಂಟಿಸಿಬಿಟ್ಟಿದ್ದಾರೆ, ಹಿಂಬದಿ ಇನ್ನು ಸಿಗುವುದಿಲ್ಲ.

ಆದ್ದರಿಂದ ನಿಮ್ಮ ಮಾತೇ ಆಧಾರ. ಆ ಕಾಗದಗಳಲ್ಲಿ ಏನಿತ್ತು, ಬುದ್ಧಿ ನೆಟ್ಟಗಿದ್ದವರು ಬರೆದಂತಿತ್ತೇ ಎಂದು ನಾಲ್ಕು ಸಾಲು ಬರೆದು ಸಹಿ ಮಾಡಿ ಕಳಿಸಿದರೆ ಅವರನ್ನು ಬಿಡಿಸಲು ನಾನು ಪ್ರಯತ್ನಿಸಬಲ್ಲೆ. ಹೊರಬಂದರೆ ಇರಲು ಒಂದು ಜಾಗ ಬೇಕು, ಅದನ್ನೂ ತಿಳಿಸಿ.

ಎಡ್ಗರ್ ಲಿಥ್‌ಗೊ


ಲೌತ್, ಮಾರ್ಚ್ 8, 1887

ಡಾಕ್ಟರ್ ಲಿಥ್‌ಗೊ ಅವರಿಗೆ,

ನಿಮ್ಮ ಕೋರಿಕೆಯನ್ನು ಹಲವು ದಿನ ಯೋಚಿಸಿದೆ. ನಿದ್ದೆಯೂ ಸರಿಯಾಗಿ ಬಂದಿಲ್ಲ. ಆದರೆ ಮೂಲ ಎದುರಿಗಿಲ್ಲದೆ ಯಾವ ವಾಕ್ಯವನ್ನೂ ನೆನಪಿನಿಂದ ಉದ್ಧರಿಸಬಾರದೆಂಬುದು ನಾನು ಮೂವತ್ತು ವರ್ಷದಿಂದ ಪಾಲಿಸಿದ ನಿಯಮ. ನೆನಪು ಸುಳ್ಳು ಹೇಳುತ್ತದೆ, ಪ್ರೀತಿಯಿದ್ದ ಕಡೆ ಇನ್ನೂ ಹೆಚ್ಚು ಸುಳ್ಳು ಹೇಳುತ್ತದೆ. ಮೂಲವನ್ನು ನಾನೇ ಕತ್ತರಿಸಿದ್ದೇನೆ. ಬೂಟು, ಚಿಲಕ ಇತ್ಯಾದಿಗಳ ಪ್ರಸ್ತಾಪ ಇದ್ದಂತೆ ತೋರುತ್ತದೆ. ಅಷ್ಟಕ್ಕೆ ಸಹಿ ಮಾಡಲಾರೆ.

ಜಾಗದ ವಿಷಯ. 'ಎಚ್' ಇನ್ನೂ ಮುಗಿದಿಲ್ಲ.

ಒಂದು ಸಣ್ಣ ವಿನಂತಿ. ನಿಮ್ಮಂಥ ದೊಡ್ಡ ಸಂಸ್ಥೆಯಲ್ಲಿ ಒಂದು ಬದಿ ಖಾಲಿ ಇರುವ ಹಳೆಯ ಕಾಗದಗಳು ಬೇಕಾದಷ್ಟು ಇರುತ್ತವೆ. ಎಸೆಯುವ ಬದಲು ಕಳಿಸಿಕೊಟ್ಟರೆ ಉಪಕಾರವಾಗುತ್ತದೆ.

ಈನಕ್ ಮಾಲ್ಟ್‌ಬಿ


ಏಪ್ರಿಲ್ 11, 1887

ಅಪ್ಪನಿಗೆ,

ನಿಮ್ಮ ಉತ್ತರವನ್ನು ಡಾಕ್ಟರು ನನಗೆ ಓದಿ ಹೇಳಿದರು. "ಇದು ಸುಳ್ಳಿರಬೇಕಮ್ಮಾ, ಇದನ್ನ ನಿಮ್ಮಪ್ಪ ಬರೆದಿರಲಿಕ್ಕಿಲ್ಲ" ಅಂದರು. ನಾನು ಹೇಳಿದೆ, "ಅವರೇ ಸಾರ್. ಅವರು ಸುಳ್ಳು ಹೇಳೋರಲ್ಲ."

ನಿಮ್ಮ ಹನ್ನೊಂದನೇ ಅರ್ಥಕ್ಕೆ ವಾಕ್ಯ ಸಿಕ್ಕಿರಲಿಲ್ಲವಲ್ಲ. ಇಲ್ಲಿನ ಗೇಟಿನ ಮೇಲೆ ಹಲಗೆ ಇದೆ, ಊರಿನ ಹೆಸರು, ಅದರ ಪಕ್ಕ ಹೋಮ್. ನರ್ಸುಗಳೂ ಹಾಗೇ ಅನ್ನುತ್ತಾರೆ, "ಈಗ ಇದೇ ನಿಂಗೆ ಮನೆ, ತೆಪ್ಪಗಿರು." ಅಚ್ಚಾದದ್ದಲ್ಲ, ಬಣ್ಣದಲ್ಲಿ ಬರೆದದ್ದು. ಆದ್ದರಿಂದ ನಿಮಗೆ ಆಗಿಬರುವುದಿಲ್ಲ. ಬಾಗಿಲುಗಳಿಗೆ ಒಳಗೆ ಚಿಲಕವಿಲ್ಲ.

ಟ್ಯಾಬಿಗೆ ನಾನು ಸತ್ತೆ ಅಂತ ಹೇಳಿದ್ದಾರಂತೆ. ಮಿಸೆಸ್ ಸ್ಕೇಫ್ ಹೇಗೋ ಕೇಳಿ ತಿಳಿದುಕೊಂಡು, ನಡೆದುಕೊಂಡೇ ಇಲ್ಲಿಯವರೆಗೆ ಬಂದು ಹೇಳಿಹೋದಳು. ಮಗು ಎದ್ದು ಹೋಗಿ ಗೋಡೆಗೆ ಮುಖ ಮಾಡಿ ನಿಂತಿತಂತೆ.

ನಿಮ್ಮ ಮೇಲೆ ನನಗೆ ಕೋಪವಿದೆ. ಹಿಂದೆ ದುಃಖ ಅಂದುಕೊಂಡಿದ್ದೆ, ಅಲ್ಲ, ಕೋಪ. ನಿಮಗೆ ಇವೆರಡರ ವ್ಯತ್ಯಾಸ ಗೊತ್ತಿರುತ್ತದೆ. ರೂಬೆನ್ ನನ್ನನ್ನು ಹೊಡೆದರು, ಆದರೆ ಹೊಡೆಯುವಾಗ ನನ್ನ ಮುಖ ನೋಡುತ್ತಿದ್ದರು. ನೀವು ನೋಡಿದ್ದು ಕಾಗದ ಎಷ್ಟು ದಪ್ಪ ಇದೆ ಅನ್ನುವುದನ್ನು.

ಇದೇ ನನ್ನ ಕೊನೆಯ ಕಾಗದ. ಹೇಳುವುದೆಲ್ಲ ಈ ಬದಿಯಲ್ಲೇ ಮುಗಿಯಿತು. ಆದರೂ ತಿರುಗಿಸಿ ನೋಡಿ. ಹಿಂದೆ ಟ್ಯಾಬಿಯ ಹೆಸರು ಬರೆದಿದ್ದೇನೆ, ಮೇಲಿನಿಂದ ಕೆಳಗಿನವರೆಗೆ, ಅಂಚಿನಲ್ಲೂ, ಸಾಲುಗಳ ನಡುವೆಯೂ. ಬೆರಳುಗಳು ಮಡಚದೆ ಇಡೀ ಮಧ್ಯಾಹ್ನ ಹಿಡಿಯಿತು. ಡಾಕ್ಟರು ನಿಂತು ನೋಡಿದರು, ತಮ್ಮ ಪುಸ್ತಕ ತೆಗೆದು ಏನೋ ಬರೆದುಕೊಂಡರು. ಇಷ್ಟು ದಿನ ಇಲ್ಲಿ ನನ್ನ ಪರವಾಗಿದ್ದವರು ಅವರೊಬ್ಬರೇ. ಬರೆದುಕೊಳ್ಳಲಿ ಬಿಡಿ.

ಒಂದು ಚೀಟಿಯಷ್ಟು ಜಾಗವೂ ಖಾಲಿ ಬಿಟ್ಟಿಲ್ಲ. ಈ ಕಾಗದ ನಿಮ್ಮ ಕೆಲಸಕ್ಕೆ ಬರುವುದಿಲ್ಲ.

ಹೆಸ್ಟರ್